‘ಗಾಂಧಿ’ ಸಿನಿಮಾ: ಹೇಳಿದ್ದೆಷ್ಟು, ಬಿಟ್ಟಿದ್ದೆಷ್ಟು?

1981ರ ಜನವರಿ 31ರಂದು ದೆಹಲಿಯ ರಾಜಪಥದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು. ಮಹಾತ್ಮ ಗಾಂಧಿಯವರ ಅಂತ್ಯಯಾತ್ರೆ ನಡೆದು ಅಂದಿಗೆ ಸರಿಯಾಗಿ 33 ವರ್ಷ. ಅದೇ ದಿನ ಆ ಯಾತ್ರೆಯನ್ನು ಮರಳಿ ಕಟ್ಟಿ ಚಿತ್ರೀಕರಿಸಲು ಬ್ರಿಟನ್ನಿನ ನಿರ್ದೇಶಕ ರಿಚರ್ಡ್ ಅಟೆನ್‌ಬರೊ 11 ಕ್ಯಾಮೆರಾಗಳನ್ನು ಹೂಡಿದ್ದರು. ಬಂದವರಲ್ಲಿ ಕೂಲಿಗೆ ಬಂದವರಿಗಿಂತ ತಾವಾಗಿಯೇ ಬಂದವರು ಹೆಚ್ಚು. ಇಷ್ಟೆಲ್ಲ ಸಿದ್ಧತೆಯ ನಂತರ ತೆರೆಯ ಮೇಲೆ ಉಳಿದದ್ದು ಎರಡು ನಿಮಿಷಕ್ಕೆ ತುಸು ಹೆಚ್ಚಿನ ದೃಶ್ಯ. ಜನಜಂಗುಳಿಯನ್ನು ಕಂಪ್ಯೂಟರಿನಲ್ಲಿ ಸೃಷ್ಟಿಸುವ ಕಾಲ ಆಗಿನ್ನೂ ಬಂದಿರಲಿಲ್ಲ. ಒಂದು ದೃಶ್ಯಕ್ಕೆ ಅಷ್ಟು ಜನ ನಿಂತ ಇನ್ನೊಂದು ಉದಾಹರಣೆ ಸಿನಿಮಾ ಚರಿತ್ರೆಯಲ್ಲಿಲ್ಲ.

1982ರ ನವೆಂಬರ್ 30ರಂದು ದೆಹಲಿಯಲ್ಲಿ ಮೊದಲ ಪ್ರದರ್ಶನ ಕಂಡ ‘ಗಾಂಧಿ’ ಮರುವರ್ಷ ಎಂಟು ಆಸ್ಕರ್ ಗೆದ್ದಿತು. ವಸ್ತ್ರವಿನ್ಯಾಸದ ಪ್ರಶಸ್ತಿಯನ್ನು ಜಾನ್ ಮೊಲ್ಲೊ ಜೊತೆ ಹಂಚಿಕೊಂಡ ಭಾನು ಅಥೈಯಾ ಆಸ್ಕರ್ ಪಡೆದ ಮೊದಲ ಭಾರತೀಯರಾದರು. ಗುಜರಾತಿ ಮೂಲದ ತಂದೆಗೆ ಕೃಷ್ಣ ಭಾನ್‌ಜಿಯಾಗಿ ಹುಟ್ಟಿ ಬೆನ್ ಕಿಂಗ್ಸ್ಲೆ ಎಂದು ಹೆಸರಾದ ನಟ, ಜಗತ್ತಿನ ಕೋಟ್ಯಂತರ ಜನರ ಪಾಲಿಗೆ ಗಾಂಧಿಯ ಮುಖವೇ ಆಗಿಬಿಟ್ಟರು. ನಮ್ಮಲ್ಲೂ ಅಕ್ಟೋಬರ್ 2 ಬಂತೆಂದರೆ ಶಾಲೆ ಕಾಲೇಜುಗಳಲ್ಲಿ, ಟಿ.ವಿ.ಯಲ್ಲಿ ನೆನಪಾಗುವುದು ಇದೇ ಸಿನಿಮಾ. ಗಾಂಧೀಜಿಯ ಆತ್ಮಕಥೆಯನ್ನು ಓದದವರೂ ಪೀಟರ್‌ಮಾರಿಟ್ಜ್‌ಬರ್ಗ್ ನಿಲ್ದಾಣದಲ್ಲಿ ರೈಲಿನಿಂದ ಹೊರದಬ್ಬಿಸಿಕೊಂಡ ಯುವ ಬ್ಯಾರಿಸ್ಟರನನ್ನು ಬಲ್ಲರು. ಪಠ್ಯಪುಸ್ತಕದಿಂದ ಆಗದ ಕೆಲಸ ಒಂದು ಚಿತ್ರದಿಂದ ಆಗಿದೆ. ಹಾಗಾಗಿ ಅದು ಹೇಳುವ ಚರಿತ್ರೆಯನ್ನು ಪಠ್ಯಪುಸ್ತಕಕ್ಕೆ ತೋರುವಷ್ಟೇ ಕಾಳಜಿಯಿಂದ ಪರಿಶೀಲಿಸಬೇಕು.

ಈ ಚಿತ್ರದ ಬಗ್ಗೆ ನಮ್ಮಲ್ಲಿ ಎರಡು ಅಭಿಪ್ರಾಯಗಳಿವೆ. ಹೊರನಾಡಿನವರೊಬ್ಬರು ಇಪ್ಪತ್ತು ವರ್ಷ ಪಟ್ಟು ಹಿಡಿದು, ನಮ್ಮವರು ಕೈಹಾಕದ ಕೆಲಸವನ್ನು ಮಾಡಿ ಮುಗಿಸಿದರು, ಅದರಲ್ಲಿ ಕೊರತೆ ಹುಡುಕುವುದು ಸಣ್ಣತನ ಎನ್ನುವವರು ಒಂದು ಕಡೆ. ನಮ್ಮನ್ನು ಆಳಿದವರ ನಾಡಿನಿಂದ ಬಂದ ನಿರ್ದೇಶಕ ಕೋಟಿ ಜನರ ಹೋರಾಟವನ್ನು ಒಬ್ಬ ಸಂತನ ಕಥೆಯಾಗಿ ಕುಗ್ಗಿಸಿದರು, ಕಥೆಗೆ ಹೊಂದದವರನ್ನು ಚರಿತ್ರೆಯಿಂದಲೇ ಹೊರಗಿಟ್ಟರು ಎನ್ನುವವರು ಇನ್ನೊಂದು ಕಡೆ. ಎರಡು ಮಾತಿನಲ್ಲೂ ಹುರುಳಿದೆ. ಅವನ್ನು ತೂಗಿ ನೋಡಲು ಒಂದು ಅಳತೆಗೋಲು ಬೇಕು. ಏನೇನು ಬಿಟ್ಟುಹೋಗಿದೆ ಎಂದು ಪಟ್ಟಿ ಮಾಡಿದರೆ ಸಾಲದು. ಮೂರು ಗಂಟೆ ಹನ್ನೊಂದು ನಿಮಿಷದ ಚಿತ್ರ ಐವತ್ತೈದು ವರ್ಷಗಳ ಸಾರ್ವಜನಿಕ ಬದುಕಿನಲ್ಲಿ ಬಹುಪಾಲನ್ನು ಬಿಡಲೇಬೇಕು. ಬಿಟ್ಟಿದ್ದರಿಂದ ಉಳಿದದ್ದರ ಅರ್ಥ ಬದಲಾಯಿತೇ ಎಂಬುದೇ ಕೇಳಬೇಕಾದ ಪ್ರಶ್ನೆ.

ಮೊದಲು ಚಿತ್ರದ ಪರವಾಗಿ ಹೇಳಬೇಕಾದ ಮಾತುಗಳು. ಲಂಡನ್ನಿನ ಭಾರತೀಯ ಹೈಕಮಿಷನ್ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ ಮೋತಿಲಾಲ್ ಕೊಠಾರಿ 1962ರಲ್ಲಿ ಅಟೆನ್‌ಬರೊ ಅವರನ್ನು ಸಂಪರ್ಕಿಸಿ, ಲೂಯಿ ಫಿಷರ್ ಬರೆದ ಗಾಂಧಿ ಜೀವನಚರಿತ್ರೆಯನ್ನು ಓದಲು ಹೇಳಿದರು. ಅಲ್ಲಿಂದ ಶುರುವಾದ ಪ್ರಯತ್ನ ತೆರೆಗೆ ಬರಲು ಎರಡು ದಶಕ ಹಿಡಿಯಿತು. ಜವಾಹರಲಾಲ್ ನೆಹರೂ ಒಪ್ಪಿದರು, ಆದರೆ 1964ರಲ್ಲಿ ತೀರಿಕೊಂಡರು. ಕೊಠಾರಿಯವರೂ ಚಿತ್ರವನ್ನು ನೋಡಲು ಉಳಿಯಲಿಲ್ಲ. ಲಂಗೋಟಿ ತೊಟ್ಟ ಮುದುಕನ ಕಥೆಗೆ ಹಣ ಹಾಕಲು ದೊಡ್ಡ ಸ್ಟುಡಿಯೊಗಳು ಮುಂದೆ ಬರಲಿಲ್ಲ. ಕೊನೆಗೆ ಸುಮಾರು 2.2 ಕೋಟಿ ಡಾಲರ್ ವೆಚ್ಚದಲ್ಲಿ ಮೂರನೇ ಒಂದು ಪಾಲಿನಷ್ಟನ್ನು ನಮ್ಮ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮವೇ ಹೂಡಿತು.

ಆ ಹೂಡಿಕೆಯ ವಿರುದ್ಧ ಭಾರತೀಯ ಚಿತ್ರಕರ್ಮಿಗಳು ಅಂದೇ ದನಿ ಎತ್ತಿದ್ದರು. ಸಣ್ಣ ಮೊತ್ತಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದ ಕನ್ನಡ, ಬಂಗಾಳಿ, ಮಲಯಾಳ ನಿರ್ದೇಶಕರ ಹತ್ತಾರು ಚಿತ್ರಗಳಿಗೆ ಸಾಲುವ ಹಣ ಒಬ್ಬ ಬ್ರಿಟಿಷ್ ನಿರ್ದೇಶಕನ ಕೈಸೇರಿತು ಎಂಬ ಅವರ ನೋವು ನ್ಯಾಯವಾದದ್ದೇ. ಆದರೆ ಹಾಕಿದ ಹಣ ಲಾಭದೊಂದಿಗೆ ಮರಳಿತು ಎಂಬುದೂ, ಆ ಲಾಭದಿಂದ ಕಷ್ಟದಲ್ಲಿರುವ ಸಿನಿಮಾ ಕಲಾವಿದರ ನೆರವಿಗೆ ಒಂದು ಕಲ್ಯಾಣ ನಿಧಿ ಹುಟ್ಟಿತು ಎಂಬುದೂ ಲೆಕ್ಕಕ್ಕೆ ಬರಬೇಕು. ಕಸ್ತೂರ್‌ಬಾ ಆಗಿ ರೋಹಿಣಿ ಹತ್ತಂಗಡಿ, ನೆಹರೂ ಆಗಿ ರೋಷನ್ ಸೇಠ್, ಪಟೇಲರಾಗಿ ಸಯೀದ್ ಜಾಫ್ರಿ, ಎರಡನೇ ಚಿತ್ರೀಕರಣ ತಂಡದ ಹೊಣೆ ಹೊತ್ತ ಗೋವಿಂದ ನಿಹಲಾನಿ, ಸಂಗೀತದಲ್ಲಿ ಪಂಡಿತ್ ರವಿಶಂಕರ್: ಇಷ್ಟು ಜನರ ಕಸುಬು ಸೇರಿರುವ ಚಿತ್ರವನ್ನು ಹೊರಗಿನವರ ಸ್ವತ್ತು ಎನ್ನಲಾಗದು.

ಚಿತ್ರದ ನಿಜವಾದ ಹಿರಿಮೆ ಇರುವುದು ಧರಾಸಣದ ದೃಶ್ಯದಲ್ಲಿ. 1930ರ ಮೇ 21ರಂದು ಗುಜರಾತಿನ ಧರಾಸಣ ಉಪ್ಪಿನ ಆಗರದ ಮುಂದೆ ಸತ್ಯಾಗ್ರಹಿಗಳು ಸಾಲುಸಾಲಾಗಿ ನಡೆದುಹೋಗಿ ಲಾಠಿ ಏಟಿಗೆ ತಲೆಯೊಡ್ಡಿದರು. ಏಟು ತಪ್ಪಿಸಿಕೊಳ್ಳಲು ಕೈಯನ್ನೂ ಎತ್ತಲಿಲ್ಲ. ಅಮೆರಿಕದ ವರದಿಗಾರ ವೆಬ್ ಮಿಲ್ಲರ್ ಆಸ್ಪತ್ರೆಯಲ್ಲಿ 320 ಗಾಯಾಳುಗಳನ್ನು ಎಣಿಸಿದರು, ಇಬ್ಬರು ಸತ್ತಿದ್ದರು. ಚಿತ್ರದಲ್ಲಿ ಅವರ ಜಾಗದಲ್ಲಿ ವಾಕರ್ ಎಂಬ ಕಲ್ಪಿತ ಪತ್ರಕರ್ತನಿದ್ದಾನೆ. ಒಂದು ಸಾಲು ಬೀಳುತ್ತದೆ, ಹೆಂಗಸರು ಗಾಯಾಳುಗಳನ್ನು ಹೊತ್ತೊಯ್ಯುತ್ತಾರೆ, ಮತ್ತೊಂದು ಸಾಲು ಹೆಜ್ಜೆ ಮುಂದಿಡುತ್ತದೆ. ಗಾಂಧೀಜಿ ಆ ದೃಶ್ಯದಲ್ಲಿಲ್ಲ. ಚರಿತ್ರೆಯಲ್ಲೂ ಅವರು ಅಂದು ಜೈಲಿನಲ್ಲಿದ್ದರು. ಹೆಸರಿಲ್ಲದ ಜನರೇ ಅಲ್ಲಿ ನಾಯಕರು. ಸಿನಿಮಾ ಮಾಧ್ಯಮ ಹುಟ್ಟಿದಂದಿನಿಂದ ಹೊಡೆಯುವವನನ್ನು ವೀರನನ್ನಾಗಿ ತೋರಿಸುತ್ತ ಬಂದಿದೆ. ಹೊಡೆತಕ್ಕೆ ಒಡ್ಡಿಕೊಂಡವನ ಧೈರ್ಯವನ್ನು, ಅದೂ ನೋಡುವವರ ಉಸಿರು ಬಿಗಿಯುವ ಹಾಗೆ, ತೋರಿಸಿದ ದೊಡ್ಡ ಚಿತ್ರಗಳು ಬೆರಳೆಣಿಕೆಯಷ್ಟೂ ಇಲ್ಲ. ಅಹಿಂಸೆ ಎಂದರೆ ಕೈಲಾಗದವರ ಮಾತು ಎಂದು ನಂಬಿದ ಹದಿಹರೆಯದವರಿಗೆ ಈ ಐದಾರು ನಿಮಿಷಗಳನ್ನು ತೋರಿಸಿದರೂ ಸಾಕು.

ಜಲಿಯನ್‌ವಾಲಾ ಬಾಗ್‌ನ ಭಾಗವೂ ಹಾಗೆಯೇ ಗಟ್ಟಿಯಾಗಿದೆ. 1919ರ ಏಪ್ರಿಲ್ 13ರಂದು ಜನರಲ್ ಡಯರ್‌ನ ಸೈನಿಕರು ಹಾರಿಸಿದ್ದು 1,650 ಸುತ್ತು ಗುಂಡು. ಸರ್ಕಾರ ಒಪ್ಪಿಕೊಂಡ ಸಾವು 379, ಕಾಂಗ್ರೆಸ್ಸಿನ ಲೆಕ್ಕದಲ್ಲಿ ಸಾವಿರಕ್ಕೂ ಮಿಗಿಲು. ಈ ಹತ್ಯಾಕಾಂಡದ ತನಿಖೆ ನಡೆಸಿದ ಹಂಟರ್ ಸಮಿತಿಯ ಮುಂದೆ ಡಯರ್ ಕೊಟ್ಟ ಉತ್ತರಗಳನ್ನು ಚಿತ್ರ ದಾಖಲೆಗೆ ಹತ್ತಿರವಾಗಿಯೇ ಬಳಸಿದೆ. ಓಣಿ ಅಗಲವಿದ್ದು ಮಷಿನ್‌ಗನ್ ಹೊತ್ತ ವಾಹನಗಳು ಒಳಗೆ ಬರುವಂತಿದ್ದರೆ ಅವನ್ನೂ ಬಳಸುತ್ತಿದ್ದೆನೇನೋ ಎಂದು ಆತ ತಣ್ಣಗೆ ಒಪ್ಪಿಕೊಳ್ಳುವುದನ್ನು ಚಿತ್ರ ಬಣ್ಣ ಹಚ್ಚದೆ ಹೇಳುತ್ತದೆ. ಗಾಯಗೊಂಡವರ ಆರೈಕೆ ತನ್ನ ಕೆಲಸವಲ್ಲ ಎಂಬ ಅವನ ಧೋರಣೆಯೂ ಹಾಗೆಯೇ ಬಂದಿದೆ. ದಾಖಲೆಯೇ ಇಷ್ಟು ಭೀಕರವಾಗಿರುವಾಗ ಕಲ್ಪನೆ ಬೇಕಿಲ್ಲ ಎಂದು ಅರಿತ ನಿರ್ದೇಶಕನ ಸಂಯಮ ಇಲ್ಲಿದೆ.

ಇನ್ನು ಎದುರು ಪಕ್ಷದ ಮಾತು. ಅವರ ಮೊದಲ ಆಕ್ಷೇಪ ಘಟನೆಗಳ ಹಿಂದುಮುಂದಿನದು. ರೈಲಿನಿಂದ ಹೊರದಬ್ಬಿದ್ದು 1893ರಲ್ಲಿ. ಜೋಹಾನ್ಸ್‌ಬರ್ಗಿನ ಹಮೀದಿಯಾ ಮಸೀದಿಯ ಬಳಿ ಭಾರತೀಯರು ನೋಂದಣಿ ಪತ್ರಗಳನ್ನು ಸುಟ್ಟಿದ್ದು 1908ರಲ್ಲಿ. ಚಿತ್ರದಲ್ಲಿ ಒಂದರ ಬೆನ್ನಿಗೇ ಇನ್ನೊಂದು ನಡೆಯುತ್ತದೆ. ಪತ್ರ ಸುಡುವಾಗ ಪೊಲೀಸರು ಗಾಂಧೀಜಿಗೆ ಹೊಡೆಯುವುದೂ ಕಲ್ಪನೆ. ದಕ್ಷಿಣ ಆಫ್ರಿಕಾದಲ್ಲಿ ಅವರ ಮೇಲೆ ಹಲ್ಲೆಯಾದದ್ದು ಬೇರೆ ಸಂದರ್ಭಗಳಲ್ಲಿ, ಬೇರೆಯವರಿಂದ: 1897ರಲ್ಲಿ ಡರ್ಬನ್ನಿನ ಬಿಳಿಯರ ಗುಂಪಿನಿಂದ, 1908ರ ಫೆಬ್ರುವರಿಯಲ್ಲಿ ಮೀರ್ ಆಲಂ ಎಂಬ ಪಠಾಣನಿಂದ. ಕಸ್ತೂರ್‌ಬಾ ಜೊತೆಗಿನ ಜಗಳವೂ ಜಾಗ ಬದಲಿಸಿದೆ. ಆತ್ಮಕಥೆಯ ಪ್ರಕಾರ ಅದು ನಡೆದದ್ದು ಡರ್ಬನ್ನಿನ ಮನೆಯಲ್ಲಿ, ದಲಿತ ಮೂಲದ ಕ್ರೈಸ್ತ ಗುಮಾಸ್ತನೊಬ್ಬನ ಮಲಪಾತ್ರೆ ತೆಗೆಯುವ ವಿಷಯಕ್ಕೆ. ಚಿತ್ರ ಅದನ್ನು ಆಶ್ರಮದ ಕಕ್ಕಸಿಗೆ ಒಯ್ದಿದೆ.

ನಮ್ಮ ಅಳತೆಗೋಲಿನಲ್ಲಿ ಇವುಗಳ ತೂಕ ಹಗುರ. ಗಂಡನ ದರ್ಪ, ಹೆಂಡತಿಯ ಕಣ್ಣೀರು, ಆಮೇಲೆ ಗಂಡನಿಗಾದ ನಾಚಿಕೆ ಜಾಗ ಬದಲಾದರೂ ಬದಲಾಗಿಲ್ಲ. ಇದ್ದುದರಲ್ಲಿ ಪತ್ರ ಸುಡುವ ದೃಶ್ಯದಿಂದಲೇ ಒಂದಿಷ್ಟು ನಷ್ಟವಾಗಿದೆ. ಹದಿನೈದು ವರ್ಷಗಳ ಅರ್ಜಿ, ನಿಯೋಗ, ಪತ್ರಿಕೆ, ಸೋಲುಗಳನ್ನು ದಾಟಿ ಬಂದ ಮನುಷ್ಯ ಇಲ್ಲಿ ಒಂದೇ ರಾತ್ರಿಯಲ್ಲಿ ಹೋರಾಟಗಾರನಾಗಿಬಿಡುತ್ತಾನೆ. ಶ್ಯಾಮ್ ಬೆನೆಗಲ್ 1996ರಲ್ಲಿ ‘ದಿ ಮೇಕಿಂಗ್ ಆಫ್ ದಿ ಮಹಾತ್ಮ’ ಮಾಡಿದಾಗ ದಕ್ಷಿಣ ಆಫ್ರಿಕಾದ ಆ ವರ್ಷಗಳಿಗೇ ಇಡೀ ಚಿತ್ರವನ್ನು ಮೀಸಲಿಟ್ಟದ್ದು ಈ ಕೊರತೆಯನ್ನು ತುಂಬಿತು. ಅಟೆನ್‌ಬರೊ ಚಿತ್ರದಲ್ಲಿ ಆಫ್ರಿಕಾದ ಕಪ್ಪು ಜನರಿಗೆ ಜಾಗವೇ ಇಲ್ಲ ಎಂಬುದು ಮಾತ್ರ ಸಣ್ಣ ಮಾತಲ್ಲ. ಆ ಜನರ ಬಗ್ಗೆ ಗಾಂಧೀಜಿ ತಮ್ಮ ಆರಂಭದ ವರ್ಷಗಳಲ್ಲಿ ಬರೆದದ್ದನ್ನು ಮುಂದಿನ ತಲೆಮಾರು ಪ್ರಶ್ನಿಸಿತು. 2018ರಲ್ಲಿ ಘಾನಾ ವಿಶ್ವವಿದ್ಯಾಲಯದ ಆವರಣದಿಂದ ಅವರ ಪ್ರತಿಮೆಯನ್ನು ತೆಗೆದರು. ಚಿತ್ರ ನೋಡಿ ಬೆಳೆದ ನಮ್ಮವರಿಗೆ ಆ ಸಿಟ್ಟು ಎಲ್ಲಿಂದ ಬಂತೆಂಬುದೇ ತಿಳಿಯಲಿಲ್ಲ.

ಎರಡನೆಯ ಆಕ್ಷೇಪ ಬ್ರಿಟಿಷರ ಚಿತ್ರಣದ ಬಗ್ಗೆ. ಡಯರ್‌ನನ್ನು ಬಿಟ್ಟರೆ ಇಲ್ಲಿನ ಆಂಗ್ಲರಲ್ಲಿ ಹೆಚ್ಚಿನವರು ಮುಜುಗರಪಡುವ ಸಜ್ಜನರು. ಚಾರ್ಲಿ ಆಂಡ್ರ್ಯೂಸ್, ಮೀರಾಬೆನ್, 1922ರ ವಿಚಾರಣೆಯ ನ್ಯಾಯಾಧೀಶ ಬ್ರೂಮ್‌ಫೀಲ್ಡ್ ಎಲ್ಲರೂ ಗೌರವ ಹುಟ್ಟಿಸುತ್ತಾರೆ. ಇದನ್ನು ಸುಳ್ಳು ಎನ್ನಲಾಗದು. ಆಂಡ್ರ್ಯೂಸ್ ಹಾಗೆಯೇ ಬದುಕಿದರು. ಬ್ರೂಮ್‌ಫೀಲ್ಡ್ ಆರು ವರ್ಷ ಶಿಕ್ಷೆ ವಿಧಿಸುತ್ತಲೇ, ಸರ್ಕಾರ ಅದನ್ನು ತಗ್ಗಿಸಿದರೆ ತನಗಿಂತ ಸಂತೋಷಪಡುವವರಿಲ್ಲ ಎಂಬ ಅರ್ಥದ ಮಾತಾಡಿದ್ದು ದಾಖಲೆಯಲ್ಲಿದೆ. ಚಂಪಾರಣದ ನೀಲಿ ಬೆಳೆಯುವ ರೈತರ ಗೋಳು, ವಿದೇಶಿ ಬಟ್ಟೆಯ ಹೋಳಿ ಚಿತ್ರದಲ್ಲಿವೆ, ಆದ್ದರಿಂದ ಶೋಷಣೆಯನ್ನು ಮುಚ್ಚಿಟ್ಟರು ಎಂದೂ ಹೇಳುವಂತಿಲ್ಲ.

ಆದರೆ ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡದ ನಂತರ ಸರ್ಕಾರ ನಾಚಿದ್ದನ್ನು ತೋರಿಸಿದ ಚಿತ್ರ, ಅದೇ ಇಂಗ್ಲೆಂಡಿನಲ್ಲಿ ‘ಮಾರ್ನಿಂಗ್ ಪೋಸ್ಟ್’ ಪತ್ರಿಕೆ ಡಯರ್‌ಗಾಗಿ 26,000 ಪೌಂಡಿಗೂ ಹೆಚ್ಚು ಹಣ ಕೂಡಿಸಿಕೊಟ್ಟದ್ದನ್ನು ತೋರಿಸುವುದಿಲ್ಲ. ಹೌಸ್ ಆಫ್ ಕಾಮನ್ಸ್ ಅವನನ್ನು ಕೆಳಗಿಳಿಸಿದ ಕ್ರಮವನ್ನು ಎತ್ತಿಹಿಡಿಯಿತು, ಹೌಸ್ ಆಫ್ ಲಾರ್ಡ್ಸ್ ಅವನ ಪರ ನಿರ್ಣಯ ಅಂಗೀಕರಿಸಿತು. ಎರಡೂ ನಡೆದದ್ದು 1920ರ ಜುಲೈನಲ್ಲೇ. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟಾಗ ಸಾಮ್ರಾಜ್ಯದ ಕ್ರೌರ್ಯ ಒಬ್ಬ ಹುಂಬ ಸೇನಾಧಿಕಾರಿಯ ಹುಚ್ಚಾಗಿ ಕಾಣುತ್ತದೆ, ಅದನ್ನು ಸಾಧ್ಯವಾಗಿಸಿದ ವ್ಯವಸ್ಥೆ ಕಣ್ಣಿನಿಂದ ಮರೆಯಾಗುತ್ತದೆ. 1943ರ ಬಂಗಾಳದ ಕ್ಷಾಮದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತದ್ದೂ ಇಲ್ಲಿಲ್ಲ. 1946ರ ನೌಕಾಪಡೆಯ ಬಂಡಾಯವೂ ಇಲ್ಲ. ಇಲ್ಲಿ ಬಿಟ್ಟದ್ದು ಉಳಿದದ್ದರ ಅರ್ಥವನ್ನು ಖಂಡಿತ ಬದಲಾಯಿಸಿದೆ. ಬ್ರಿಟಿಷರು ನೈತಿಕವಾಗಿ ಸೋತು ಮರ್ಯಾದೆಯಿಂದ ಹೊರಟುಹೋದರು ಎಂಬ ಭಾವನೆ ಪ್ರೇಕ್ಷಕನಲ್ಲಿ ಉಳಿಯುತ್ತದೆ. ಆ ಸೋಲು ನಿಜ, ಆದರೆ ಅವರ ಕಾಲ ಕೆಳಗಿನ ನೆಲ ಬೇರೆ ಕಡೆಗಳಿಂದಲೂ ಕುಸಿಯುತ್ತಿತ್ತು.

ಮೂರನೆಯ ಆಕ್ಷೇಪ ಜಿನ್ನಾ ಕುರಿತದ್ದು. ಅಲಿಕ್ ಪದಮ್‌ಸೀ ಅಭಿನಯಿಸಿದ ಜಿನ್ನಾ ಮೊದಲ ಭೇಟಿಯಿಂದಲೇ ಬಿಗಿದ ಮುಖದ, ಒಳಗೊಳಗೇ ಕುದಿಯುವ ಮನುಷ್ಯ. 1916ರ ಲಖನೌ ಒಪ್ಪಂದ ಸಾಧ್ಯವಾಗಲು ದುಡಿದ, ಹಿಂದೂ ಮುಸ್ಲಿಂ ಐಕ್ಯದ ರಾಯಭಾರಿ ಎಂದು ಹೊಗಳಿಸಿಕೊಂಡ ಜಿನ್ನಾ ಇಲ್ಲಿಲ್ಲ. 1937ರ ಚುನಾವಣೆಯ ನಂತರ ಸಂಯುಕ್ತ ಪ್ರಾಂತದಲ್ಲಿ ಅಧಿಕಾರ ಹಂಚಿಕೆಯ ಮಾತುಕತೆ ಮುರಿದದ್ದು, 1946ರಲ್ಲಿ ಕ್ಯಾಬಿನೆಟ್ ಮಿಷನ್ ಯೋಜನೆಯನ್ನು ಮುಸ್ಲಿಂ ಲೀಗ್ ಮೊದಲು ಒಪ್ಪಿ ನಂತರ ಹಿಂದೆಗೆದುಕೊಂಡದ್ದು ಯಾವುದೂ ಇಲ್ಲದೆ ದೇಶವಿಭಜನೆ ಒಬ್ಬ ವ್ಯಕ್ತಿಯ ಹಠದಂತೆ ತೋರುತ್ತದೆ. ಚಿತ್ರದ ಸಮರ್ಥಕರು ಇದಕ್ಕೂ ಉತ್ತರ ಕೊಡಬಲ್ಲರು. 1946ರ ಆಗಸ್ಟ್ 16ರ ನೇರ ಕಾರ್ಯಾಚರಣೆಯ ಕರೆ ಲೀಗಿನದೇ, ಅದರ ಹಿಂದೆಯೇ ಕಲ್ಕತ್ತೆಯಲ್ಲಿ ಹರಿದ ರಕ್ತವನ್ನು ಯಾರೂ ಅಲ್ಲಗಳೆಯಲಾಗದು. ಆ ಹೊತ್ತಿನ ಜಿನ್ನಾ ನಿಜಕ್ಕೂ ಬಿಗಿದುಕೊಂಡಿದ್ದವರೇ. ಆದರೂ ಮನುಷ್ಯ ಹಾಗೇಕೆ ಬದಲಾದ ಎಂದು ಕೇಳದ ಕಥೆ ಅರ್ಧ ಕಥೆ. 1998ರಲ್ಲಿ ಜಮೀಲ್ ದೆಹ್ಲವಿ ‘ಜಿನ್ನಾ’ ಚಿತ್ರ ಮಾಡಿ, ಕ್ರಿಸ್ಟೋಫರ್ ಲೀ ಅವರಿಂದ ಆ ಪಾತ್ರ ಮಾಡಿಸಿದ್ದರ ಹಿಂದೆ ಈ ಅಸಮಾಧಾನವೂ ಇತ್ತು. ಅಲ್ಲಿ ತಕ್ಕಡಿ ಇನ್ನೊಂದು ಕಡೆಗೆ ವಾಲಿತು.

ಎಲ್ಲಕ್ಕಿಂತ ಭಾರವಾದ ಆಕ್ಷೇಪ ನಾಲ್ಕನೆಯದು. ಮೂರು ಗಂಟೆಗೂ ಮೀರಿದ ಈ ಚಿತ್ರದಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಇಲ್ಲ.

ಇದು ಗಾಂಧಿಯ ಕಥೆ, ಅಂಬೇಡ್ಕರ್ ಅವರದಲ್ಲ ಎಂಬ ಸಮಜಾಯಿಷಿ ಇಲ್ಲಿ ನಿಲ್ಲುವುದಿಲ್ಲ. ಏಕೆಂದರೆ 1932ರ ಸೆಪ್ಟೆಂಬರ್ ಗಾಂಧೀಜಿಯ ಬದುಕಿನದೇ ಒಂದು ನಿರ್ಣಾಯಕ ತಿಂಗಳು. ಬ್ರಿಟಿಷ್ ಪ್ರಧಾನಿ ರ‍್ಯಾಮ್ಸೆ ಮ್ಯಾಕ್‌ಡೊನಾಲ್ಡ್ ಅಸ್ಪೃಶ್ಯರಿಗೆ, ತಮ್ಮ ಪ್ರತಿನಿಧಿಗಳನ್ನು ತಾವೇ ಆರಿಸುವ ಪ್ರತ್ಯೇಕ ಮತಕ್ಷೇತ್ರ ಘೋಷಿಸಿದರು. ಅದನ್ನು ವಿರೋಧಿಸಿ ಗಾಂಧೀಜಿ ಯರವಡಾ ಜೈಲಿನಲ್ಲಿ ಸೆಪ್ಟೆಂಬರ್ 20ರಂದು ಆಮರಣ ಉಪವಾಸ ಕೂತರು. ಇಡೀ ದೇಶದ ಕಣ್ಣು ಅಂಬೇಡ್ಕರ್ ಮೇಲೆ ನೆಟ್ಟಿತು. ತಮ್ಮ ಜನರ ಹಕ್ಕನ್ನು ಬಿಡಬೇಕೋ, ಗಾಂಧಿಯ ಸಾವಿನ ಹೊಣೆ ಹೊತ್ತು ಹಳ್ಳಿಹಳ್ಳಿಯ ದಲಿತರನ್ನು ಸವರ್ಣರ ಸೇಡಿಗೆ ಒಡ್ಡಬೇಕೋ ಎಂಬ ಇಕ್ಕಟ್ಟಿನಲ್ಲಿ ಅವರು ಸೆಪ್ಟೆಂಬರ್ 24ರಂದು ಪೂನಾ ಒಪ್ಪಂದಕ್ಕೆ ಸಹಿ ಹಾಕಿದರು. ಪ್ರತ್ಯೇಕ ಮತಕ್ಷೇತ್ರ ಹೋಯಿತು, ಮೀಸಲು ಸ್ಥಾನಗಳ ಸಂಖ್ಯೆ 148ಕ್ಕೆ ಏರಿತು. ಅದು ಗೆಲುವೋ ಸೋಲೋ ಎಂಬ ಚರ್ಚೆ ಇಂದಿಗೂ ನಿಂತಿಲ್ಲ.

ಚಿತ್ರದಲ್ಲಿ ಉಪವಾಸದ ದೃಶ್ಯಗಳು ಬೇಕಾದಷ್ಟಿವೆ. ಚೌರಿಚೌರಾದಲ್ಲಿ ಜನ ಪೊಲೀಸರನ್ನು ಸುಟ್ಟು ಕೊಂದಾಗ ಗಾಂಧೀಜಿ ಅನ್ನ ಬಿಡುತ್ತಾರೆ, 1947ರಲ್ಲಿ ಕಲ್ಕತ್ತೆ ಉರಿಯುವಾಗ ಬಿಡುತ್ತಾರೆ. ಪ್ರತಿಸಲವೂ ಎದುರಿಗಿರುವುದು ಹಿಂಸೆ, ಪ್ರತಿಸಲವೂ ಉಪವಾಸ ಪ್ರಶ್ನಾತೀತ. ಯಾರ ಒಳಿತಿಗೆಂದು ಕೂತರೋ ಆ ಸಮುದಾಯದ ನಾಯಕನೇ ಇದು ಬಲವಂತವಲ್ಲವೇ ಎಂದು ಕೇಳಿದ ಒಂದೇ ಒಂದು ಉಪವಾಸವನ್ನು ಚಿತ್ರ ಕೈಬಿಟ್ಟಿದೆ. ಉಪವಾಸ ಎಂಬ ಅಸ್ತ್ರಕ್ಕೆ ಎರಡು ಅಲಗಿದೆ ಎಂಬುದು ಪ್ರೇಕ್ಷಕನಿಗೆ ತಿಳಿಯುವುದೇ ಇಲ್ಲ. ಅಸ್ಪೃಶ್ಯತೆಯ ವಿಚಾರ ಗಾಂಧಿಯವರ ಮಾತುಗಳಲ್ಲಿ, ಆಶ್ರಮದ ಕಕ್ಕಸು ತೊಳೆಯುವ ವ್ರತದಲ್ಲಿ ಬರುತ್ತದೆ. ಅದನ್ನು ಅನುಭವಿಸಿದವರ ಬಾಯಲ್ಲಿ ಬರುವುದಿಲ್ಲ. ಬಿಟ್ಟದ್ದರಿಂದ ಉಳಿದದ್ದರ ಅರ್ಥ ಬದಲಾಗುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗದು.

ಈ ಲೋಪದಿಂದ ಅನ್ಯಾಯವಾದದ್ದು ಅಂಬೇಡ್ಕರ್ ಅವರಿಗೆ ಮಾತ್ರವಲ್ಲ, ಗಾಂಧೀಜಿಗೂ ಆಗಿದೆ. ಆ ಮುಖಾಮುಖಿಯಲ್ಲಿ ಇಬ್ಬರೂ ಒಬ್ಬರಿಂದೊಬ್ಬರು ಬದಲಾದರು ಎಂದು ನಮ್ಮ ವಿಮರ್ಶಕ ಡಿ.ಆರ್. ನಾಗರಾಜ್ ವಾದಿಸಿದ್ದರು. 1932ರ ನಂತರದ ಗಾಂಧಿ ಮೊದಲಿನ ಗಾಂಧಿಯಲ್ಲ. ಅಸ್ಪೃಶ್ಯತೆಯ ವಿರುದ್ಧ ದೇಶ ಸುತ್ತಲು ಹೊರಟರು. 1934ರಲ್ಲಿ ಕೊಡಗು, ಮಂಗಳೂರು, ಶಿರಸಿಗಳಿಗೂ ಬಂದದ್ದು ಆ ಯಾತ್ರೆಯಲ್ಲೇ. ಜಾತಿಯ ವಿರುದ್ಧ ಅವರ ನಿಲುವು ವರ್ಷದಿಂದ ವರ್ಷಕ್ಕೆ ಗಟ್ಟಿಯಾಯಿತು. ಎದುರಾಳಿಯ ಮಾತು ನಾಟಿ ತನ್ನನ್ನೇ ತಿದ್ದಿಕೊಳ್ಳುವ ಶಕ್ತಿ ಗಾಂಧೀಜಿಯ ದೊಡ್ಡ ಗುಣ. ವಿದೇಶಿ ಬಟ್ಟೆ ಸುಡುವುದನ್ನೂ ಚರಕದ ಮೇಲಿನ ಕುರುಡು ನಂಬಿಕೆಯನ್ನೂ ರವೀಂದ್ರನಾಥ ಠಾಕೂರರು ಖಂಡಿಸಿ ಬರೆದರು. 1939ರ ಕಾಂಗ್ರೆಸ್ ಅಧ್ಯಕ್ಷ ಚುನಾವಣೆಯಲ್ಲಿ ಗಾಂಧೀಜಿಯ ಅಭ್ಯರ್ಥಿ ಪಟ್ಟಾಭಿ ಸೀತಾರಾಮಯ್ಯ ಅವರನ್ನು ಸುಭಾಷ್ ಚಂದ್ರ ಬೋಸ್ ಸೋಲಿಸಿದರು. ಹಿರಿಯ ಮಗ ಹರಿಲಾಲ್ ಮನೆ ಬಿಟ್ಟು ಹೋದರು. ಇವೆಲ್ಲ ಅವರನ್ನು ಒಳಗಿನಿಂದ ಪರೀಕ್ಷೆಗೊಡ್ಡಿದ ಸಂಬಂಧಗಳು. ಚಿತ್ರ ಇವುಗಳಲ್ಲಿ ಒಂದನ್ನೂ ಮುಟ್ಟುವುದಿಲ್ಲ. ಇಲ್ಲಿನ ಗಾಂಧಿಗೆ ವೈರಿಗಳಿದ್ದಾರೆ, ಭಕ್ತರಿದ್ದಾರೆ, ಸರಿಸಮನಾಗಿ ನಿಂತು ವಾದಿಸುವವರಿಲ್ಲ. ಹಾಗಾಗಿ ಗಾಂಧಿಯ ಧೈರ್ಯ ಪೂರ್ತಿಯಾಗಿ ಕಾಣುತ್ತದೆ, ಗಾಂಧಿಯ ಕಲಿಕೆ ಕಾಣುವುದಿಲ್ಲ. ಅವರನ್ನು ದೇವರನ್ನಾಗಿ ಮಾಡಬೇಡಿ ಎಂದು ನೆಹರೂ ಅಟೆನ್‌ಬರೊಗೆ ಹೇಳಿದ್ದರಂತೆ. ನಗುವ, ಸಿಟ್ಟಾಗುವ, ಹೆಂಡತಿಯ ಮುಂದೆ ತಪ್ಪೊಪ್ಪುವ ಮನುಷ್ಯನನ್ನು ತೋರಿಸುವ ಮಟ್ಟಿಗೆ ನಿರ್ದೇಶಕ ಆ ಮಾತನ್ನು ಉಳಿಸಿಕೊಂಡಿದ್ದಾರೆ. ಆದರೆ ದೇಶದ ಎದುರು ತಪ್ಪಬಲ್ಲ ಗಾಂಧಿಯನ್ನು ತೋರಿಸುವ ಧೈರ್ಯ ಚಿತ್ರಕ್ಕೆ ಬರಲಿಲ್ಲ.

ಇದಕ್ಕೆ ನಿರ್ದೇಶಕರ ದುರುದ್ದೇಶ ಕಾರಣ ಎಂದು ನನಗನಿಸುವುದಿಲ್ಲ. ಯಾವ ಬದುಕನ್ನೂ ಒಂದೇ ನಿರೂಪಣೆಯಲ್ಲಿ ಹಿಡಿಯಲಾಗದು, ಎಲ್ಲ ವ್ಯಕ್ತಿಗಳಿಗೂ ಘಟನೆಗಳಿಗೂ ನ್ಯಾಯ ಒದಗಿಸಲಾಗದು ಎಂದು ಚಿತ್ರ ತನ್ನ ಮೊದಲ ಅಕ್ಷರಗಳಲ್ಲೇ ಒಪ್ಪಿಕೊಂಡಿದೆ. ಕಾರಣ ಇರುವುದು ಭಾರೀ ಚಿತ್ರದ ಸ್ವಭಾವದಲ್ಲೇ. ಕೋಟಿಗಟ್ಟಲೆ ಡಾಲರ್ ವಾಪಸಾಗಬೇಕಾದರೆ ಭಾರತದ ಭೂಪಟ ಗೊತ್ತಿಲ್ಲದವರೂ ಕಥೆಯನ್ನು ಹಿಂಬಾಲಿಸುವಂತಿರಬೇಕು. ಅದಕ್ಕೆ ಒಬ್ಬನೇ ನಾಯಕ ಬೇಕು, ಅವನನ್ನು ಪಶ್ಚಿಮದ ಕಣ್ಣಿಗೆ ಪರಿಚಯಿಸಲು ಆಂಡ್ರ್ಯೂಸ್, ವಾಕರ್, ಛಾಯಾಗ್ರಾಹಕಿ ಮಾರ್ಗರೆಟ್ ಬರ್ಕ್‌ವೈಟ್ ಅಂಥವರು ಬೇಕು. ಪೂನಾ ಒಪ್ಪಂದವನ್ನು ವಿವರಿಸಲು ಬೇಕಾದ ತಾಳ್ಮೆ ಅಂಥ ಚಿತ್ರಕ್ಕಿರುವುದಿಲ್ಲ. ಮೂರು ಲಕ್ಷ ಜನರನ್ನು ಒಂದು ಚೌಕಟ್ಟಿನಲ್ಲಿ ಸೇರಿಸಬಲ್ಲ ಚಿತ್ರ ಅವರಲ್ಲಿ ಮೂವರನ್ನು ಹೆಸರು ಹಿಡಿದು ಕರೆಯಲಾರದು. ಗಾಂಧೀಜಿಯೊಂದಿಗೆ ಸಾಬರಮತಿಯಿಂದ ದಂಡಿಗೆ ಹೊರಟ 78 ಮಂದಿಯಲ್ಲಿ ಕನ್ನಡಿಗರು ಒಬ್ಬರೇ, ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪ. ಆಗಿನ್ನೂ ಅವರಿಗೆ ಇಪ್ಪತ್ತು ತುಂಬಿರಲಿಲ್ಲ. ಮುಂದೆ 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಸರ್ಕಾರದ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ಹೋಗಿ ಗುಂಡಿಗೆ ಬಲಿಯಾದರು. ದಂಡಿಯಿಂದ ಹೊಸರಿತ್ತಿಯವರೆಗಿನ ಆ ಹಾದಿಯಲ್ಲಿ ಚಳವಳಿಯ ಎಷ್ಟೊಂದು ಒಳಗುದಿಗಳಿವೆ! ಅದನ್ನು ಹೇಳುವುದು ಅಟೆನ್‌ಬರೊ ಅವರ ಹೊಣೆಯಲ್ಲ. ಅದು ನಮ್ಮ ಹೊಣೆ, ನಾವು ಇನ್ನೂ ಪೂರೈಸದ ಹೊಣೆ.

ಸಣ್ಣ ಬಜೆಟ್ಟಿನ ಚಿತ್ರಗಳು ಬೇರೆ ದಾರಿ ಹಿಡಿದಿವೆ. ಕುಂ. ವೀರಭದ್ರಪ್ಪ ಅವರ ಕಥೆಯನ್ನಾಧರಿಸಿ ಗಿರೀಶ್ ಕಾಸರವಳ್ಳಿ 2011ರಲ್ಲಿ ಮಾಡಿದ ‘ಕೂರ್ಮಾವತಾರ’ದಲ್ಲಿ, ಗಾಂಧಿಯನ್ನು ಹೋಲುತ್ತಾರೆಂಬ ಕಾರಣಕ್ಕೆ ಧಾರಾವಾಹಿಯಲ್ಲಿ ಆ ಪಾತ್ರ ಮಾಡಲು ಹೋದ ಸರ್ಕಾರಿ ನೌಕರನ ಬದುಕೇ ಅಲ್ಲಾಡಿಹೋಗುತ್ತದೆ. ಗಾಂಧಿಯನ್ನು ನಮ್ಮ ನಡುವೆ ಯಾರು ಹೊರಬಲ್ಲರು ಎಂಬ ಪ್ರಶ್ನೆ ಅಲ್ಲಿದೆ. ಬೊಳುವಾರು ಮಹಮದ್ ಕುಂಞಿ ಅವರ ಕೃತಿಯನ್ನಾಧರಿಸಿದ ಪಿ. ಶೇಷಾದ್ರಿಯವರ ‘ಮೋಹನದಾಸ’ ಬಾಲ್ಯದ ದಿನಗಳಿಗಷ್ಟೇ ತನ್ನನ್ನು ಸೀಮಿತಗೊಳಿಸಿಕೊಂಡಿತು. ಜಬ್ಬಾರ್ ಪಟೇಲರ ‘ಡಾ. ಬಾಬಾಸಾಹೇಬ್ ಅಂಬೇಡ್ಕರ್’ 2000ದಲ್ಲಿ ಬಂದು, ಮಮ್ಮೂಟ್ಟಿಯವರ ಅಭಿನಯದಲ್ಲಿ ಇನ್ನೊಂದು ಬದಿಯ ನೋಟವನ್ನು ತೆರೆಯ ಮೇಲಿಟ್ಟಿತು. ಈ ಚಿತ್ರಗಳು ಅಟೆನ್‌ಬರೊ ಚಿತ್ರದ ಜಾಗ ಹಿಡಿಯಲಾರವು, ಆ ಜನಪ್ರಿಯತೆ ಅವಕ್ಕಿಲ್ಲ. ಆದರೆ ಅದು ಎಲ್ಲಿ ನಿಲ್ಲುತ್ತದೆಯೋ ಅಲ್ಲಿಂದ ಮುಂದಕ್ಕೆ ಒಯ್ಯಬಲ್ಲವು.

ಹಾಗಾದರೆ ತಕ್ಕಡಿ ಎತ್ತ ವಾಲುತ್ತದೆ? ಒಬ್ಬ ವ್ಯಕ್ತಿಯ ನೈತಿಕ ಶಕ್ತಿಯ ಚಿತ್ರವಾಗಿ ‘ಗಾಂಧಿ’ ಪ್ರಾಮಾಣಿಕ, ಅದರ ಸಮ ನಿಲ್ಲುವ ಇನ್ನೊಂದು ಚಿತ್ರ ಬಂದಿಲ್ಲ. ಕಲ್ಕತ್ತೆಯ ದಂಗೆಯಲ್ಲಿ ಮುಸ್ಲಿಂ ಮಗುವನ್ನು ಕೊಂದು ನರಕ ಕಾಣುತ್ತಿರುವ ನಹಾರಿಗೆ (ಓಂ ಪುರಿ), ಅನಾಥ ಮುಸ್ಲಿಂ ಮಗುವೊಂದನ್ನು ತಂದು ಮುಸ್ಲಿಮನಾಗಿಯೇ ಸಾಕು ಎಂದು ಗಾಂಧೀಜಿ ಹೇಳುವ ಗಳಿಗೆ ಈ ದೇಶಕ್ಕೆ ಇಂದೂ ಬೇಕಾದ ಪಾಠ. ದೇಶವೊಂದು ಹುಟ್ಟಿದ ಚರಿತ್ರೆಯಾಗಿ ಅದೇ ಚಿತ್ರ ಸಾಲದು. ಸಾಲದೆಂದು ಎಸೆಯಬೇಕಿಲ್ಲ, ಒಂಟಿಯಾಗಿ ತೋರಿಸುವುದನ್ನು ನಿಲ್ಲಿಸಿದರೆ ಸಾಕು. ಅಕ್ಟೋಬರ್ 2ರಂದು ಈ ಚಿತ್ರ ನೋಡಿದ ಮಕ್ಕಳು ಮಾರನೆಯ ದಿನ ಪೂನಾ ಒಪ್ಪಂದದ ಬಗ್ಗೆ ಚರ್ಚಿಸಲಿ, ಜಬ್ಬಾರ್ ಪಟೇಲರ ಚಿತ್ರ ನೋಡಲಿ, ತಮ್ಮ ತಾಲ್ಲೂಕಿನಲ್ಲಿ ಲಾಠಿ ತಿಂದವರ, ಜೈಲಿಗೆ ಹೋದವರ ಹೆಸರು ಹುಡುಕಲಿ. ಮೇಷ್ಟ್ರಿಗೆ ಇದರಿಂದ ಕೆಲಸ ಹೆಚ್ಚುತ್ತದೆ, ಮಕ್ಕಳ ಪ್ರಶ್ನೆಗಳೂ ಮುಜುಗರ ತರಬಹುದು. ಆದರೆ ಗಾಂಧಿಯನ್ನು ಪ್ರಶ್ನಿಸಿದವರ ಮಾತನ್ನೂ ಕೇಳಿಸಿಕೊಂಡ ಮಗುವಿಗೆ ಕೊನೆಯಲ್ಲಿ ಗಾಂಧಿಯ ಮೇಲೆ ಉಳಿಯುವ ಗೌರವವೇ ಬಾಳಿಕೆ ಬರುವ ಗೌರವ. ತನ್ನ ಟೀಕಾಕಾರರೊಂದಿಗೆ ಕೊನೆಯವರೆಗೂ ಮಾತು ನಿಲ್ಲಿಸದ ಮನುಷ್ಯನಿಗೆ ನಾವು ಸಲ್ಲಿಸಬೇಕಾದ ನ್ಯಾಯವೂ ಅದೇ.